ನನ್ನ ಲೆಕ್ಕದಲ್ಲಿ ಪ್ಯಾಡ್ ಬೇಡ, ಪರಿಶೀಲನೆಯಲ್ಲಿ ಬೇಕು: 250 ಹೆಡರ್‌ಗೆ 150 ಬ್ರಾಂಚ್, ಎಲ್ಲಿ ತಪ್ಪಿದೆ?

ಪೈಪಿಂಗ್ ಹೊಸಬ

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಯಿತು. ಮೊನ್ನೆ ಮೊದಲ ಸಲ ಬ್ರಾಂಚ್ ರೀಇನ್‌ಫೋರ್ಸ್‌ಮೆಂಟ್ ಲೆಕ್ಕವನ್ನು, ಅಂದರೆ ಮುಖ್ಯ ಪೈಪಿಗೆ (ಹೆಡರ್) ತೂತು ಕೊರೆದು ಕವಲು ಪೈಪ್ (ಬ್ರಾಂಚ್) ಕೂಡಿಸುವಲ್ಲಿ ಬಲ ಸಾಕಾ ಅನ್ನುವ ಲೆಕ್ಕವನ್ನು, ನಾನೇ ಮಾಡಿದೆ. ಪ್ಯಾಡ್ (ತೂತಿನ ಸುತ್ತ ಬಲಕ್ಕೆ ವೆಲ್ಡ್ ಮಾಡುವ ತಟ್ಟೆ) ಬೇಡ ಅಂತ ಉತ್ತರ ಬಂತು. ಪರಿಶೀಲನೆಗೆ ಕಳಿಸಿದರೆ ಹಿರಿಯರು ‘ಪ್ಯಾಡ್ ಬೇಕು, ಮತ್ತೆ ಮಾಡಿ’ ಎಂದಷ್ಟೇ ಬರೆದು ವಾಪಸ್ ಕೊಟ್ಟಿದ್ದಾರೆ. ಅವರೀಗ ಸೈಟಿನಲ್ಲಿದ್ದಾರೆ, ಫೋನಿಗೆ ಸಿಗುತ್ತಿಲ್ಲ. ನೀವಾದರೂ ನೋಡಿ ಹೇಳಿ.

ಕೋಡ್: ಎಎಸ್‌ಎಂಇ ಬಿ31.3 (ಕಾರ್ಖಾನೆ ಪೈಪಿಂಗ್‌ನ ನಿಯಮಾವಳಿ). ಹೆಡರ್ 250 ಎನ್‌ಬಿ (ಹೆಸರಿನ ಸೈಜ್), ಷೆಡ್ಯೂಲ್ (ದಪ್ಪದ ದರ್ಜೆ) 40. ಹೊರವ್ಯಾಸ 273, ದಪ್ಪ 9.27 ಮಿ.ಮೀ. ಬ್ರಾಂಚ್ 150 ಎನ್‌ಬಿ, ಅದೂ ಷೆಡ್ಯೂಲ್ 40. ಹೊರವ್ಯಾಸ 168.3, ದಪ್ಪ 7.11. ಎರಡೂ ಎ106 ಗ್ರೇಡ್ ಬಿ ಉಕ್ಕು, ಸೀಮ್‌ಲೆಸ್ (ಉದ್ದಕ್ಕೆ ವೆಲ್ಡ್ ಇಲ್ಲದ ಪೈಪ್). ಡಿಸೈನ್ ಒತ್ತಡ 40 ಬಾರ್, ಅಂದರೆ 4 ಮೆಗಾಪಾಸ್ಕಲ್. ಉಷ್ಣತೆ 120 ಡಿಗ್ರಿ. ಅನುಮತಿಸಿದ ಸ್ಟ್ರೆಸ್ 138 ಮೆಗಾಪಾಸ್ಕಲ್. ಬ್ರಾಂಚ್ ನೇರ 90 ಡಿಗ್ರಿ, ಹೆಡರ್ ಮೇಲೆ ಕೂರಿಸಿ ವೆಲ್ಡ್ ಮಾಡುವುದು.

ನಾನು ಮಾಡಿದ್ದು ಹೀಗೆ. ಹೆಡರ್‌ಗೆ ಒತ್ತಡ ತಡೆಯಲು ಬೇಕಾದ ದಪ್ಪ = 4 × 273 ÷ 2(138 + 4 × 0.4) = 3.91 ಮಿ.ಮೀ. (0.4 ಕೋಡ್ ಕೊಟ್ಟ ಗುಣಕ). ತೂತಿನ ಅಗಲ = 168.3 − 2 × 7.11 = 154.1. ಬೇಕಾದ ಏರಿಯಾ ಎ1 = 3.91 × 154.1 = 603 ಚ.ಮಿ.ಮೀ. ಹೆಡರ್‌ನಲ್ಲಿ ಹೆಚ್ಚುವರಿ ಇರುವ ಏರಿಯಾ ಎ2 = 154.1 × (9.27 − 3.91) = 826. ಎ2 ಒಂದೇ ಎ1 ಅನ್ನು ದಾಟಿತು. ಬ್ರಾಂಚ್ ಗೋಡೆ, ವೆಲ್ಡ್ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ. ಹಾಗಿದ್ದೂ ಪ್ಯಾಡ್ ಯಾಕೆ ಬೇಕು?

ಕೋಡ್ ಪುಸ್ತಕ

ಸೂತ್ರ ಸರಿ ಇದೆ. ಅದರೊಳಗೆ ಹಾಕಿದ ದಪ್ಪ ಸರಿ ಇಲ್ಲ. ಮಿಲ್ ಟಾಲರೆನ್ಸ್ (ಪೈಪ್ ತಯಾರಕರು ದಪ್ಪ ಎಷ್ಟು ಕಡಿಮೆ ಕೊಡಬಹುದು ಅನ್ನುವುದು) ಕಳೆದಿದ್ದೀರಾ? ಕರೋಶನ್ ಅಲೋವೆನ್ಸ್ (ತುಕ್ಕಿಗೆ ಎತ್ತಿಡುವ ದಪ್ಪ) ಎಷ್ಟು?

ಪೈಪಿಂಗ್ ಹೊಸಬ

ಕರೋಶನ್ ಅಲೋವೆನ್ಸ್ 3 ಮಿ.ಮೀ. ಸರ್. ಆದರೆ ಷೆಡ್ಯೂಲ್ ಆರಿಸುವಾಗಲೇ ಎರಡನ್ನೂ ಹಿಡಿದಿದ್ದೆ. 3.91 ಕ್ಕೆ 3 ಕೂಡಿಸಿ 6.91. ಮಿಲ್ ಟಾಲರೆನ್ಸ್‌ಗೆ ಅದನ್ನು 0.875 ರಿಂದ ಭಾಗಿಸಿದರೆ 7.90. ಅದಕ್ಕಿಂತ ಮೇಲಿನ 9.27 ತೆಗೆದುಕೊಂಡೆ. ಒಮ್ಮೆ ಲೆಕ್ಕಕ್ಕೆ ಬಂದದ್ದನ್ನು ಮತ್ತೆ ಕಳೆದರೆ ಎರಡು ಸಲ ಕಳೆದ ಹಾಗೆ ಆಗಲ್ವಾ?

ಕೋಡ್ ಪುಸ್ತಕ

ಈ ಗೊಂದಲ ತುಂಬಾ ಜನಕ್ಕೆ ಇರುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಂದು ಗೋಣಿಚೀಲ ನೆನೆಸಿಕೊಳ್ಳಿ. ತುಂಬಿದ ಚೀಲದ ಭಾರವನ್ನು ನೇಯ್ಗೆಯ ಎಳೆಗಳು ಹಂಚಿಕೊಂಡು ಹೊತ್ತಿರುತ್ತವೆ. ನಡುವೆ ಒಂದು ತೂತು ಕತ್ತರಿಸಿದರೆ ಆ ಎಳೆಗಳು ಹೊರುತ್ತಿದ್ದ ಭಾರ ಪಕ್ಕದ ಎಳೆಗಳ ಮೇಲೆ ಬೀಳುತ್ತದೆ. ಪಕ್ಕದ ಎಳೆಗಳು ತಮ್ಮ ಪಾಲನ್ನು ಹೊತ್ತ ಮೇಲೂ ಇನ್ನಷ್ಟು ಹೊರುವ ಹಾಗಿದ್ದರೆ ಚೀಲ ಉಳಿಯುತ್ತದೆ. ಇಲ್ಲದಿದ್ದರೆ ತೂತಿನ ಅಂಚಿನಿಂದಲೇ ಹರಿಯುತ್ತದೆ. ಆಗ ತೇಪೆ ಹಾಕಬೇಕು. ಪೈಪಿನಲ್ಲಿ ಆ ತೇಪೆಯೇ ಪ್ಯಾಡ್.

ಎ1 ಅಂದರೆ ಕತ್ತರಿಸಿ ಬಿಸಾಡಿದ, ಕೆಲಸ ಮಾಡುತ್ತಿದ್ದ ಲೋಹ. ಎ2 ಅಂದರೆ ತೂತಿನ ಅಕ್ಕಪಕ್ಕ ಹೆಡರ್ ಗೋಡೆಯಲ್ಲಿ ಕೆಲಸವಿಲ್ಲದೆ ಉಳಿದಿರುವ ಲೋಹ. ಈ ಉಳಿದ ಲೋಹ ಯಾವಾಗಲೂ ಅಲ್ಲೇ ಇರುತ್ತದೆ ಅಂತ ಭರವಸೆ ಇದ್ದರೆ ಮಾತ್ರ ಅದನ್ನು ಎಣಿಸಬಹುದು. 9.27 ಅನ್ನುವುದು ಆರ್ಡರಿನಲ್ಲಿ ಬರೆದ ದಪ್ಪ. ಮಿಲ್‌ನವರು ಶೇಕಡಾ 12.5 ರಷ್ಟು ಕಡಿಮೆ ಕೊಟ್ಟರೂ ಪೈಪ್ ಪಾಸ್. ಆಗ ಕೈಗೆ ಬರುವುದು 8.11. ಅದರಲ್ಲಿ 3 ಮಿ.ಮೀ. ತುಕ್ಕಿಗೆ ಅಂತ ನೀವೇ ಎತ್ತಿಟ್ಟಿದ್ದೀರಿ. ಹಾಗಾಗಿ ಕೊನೆಗೆ ಉಳಿಯುವುದು 5.11. ಅದರಲ್ಲಿ 3.91 ಒತ್ತಡಕ್ಕೆ ಹೋಗುತ್ತದೆ. ನಿಜವಾದ ಹೆಚ್ಚುವರಿ 1.20 ಮಿ.ಮೀ. ಮಾತ್ರ. ನೀವು ಎಣಿಸಿದ್ದು 5.36.

ಷೆಡ್ಯೂಲ್ ಆರಿಸುವಾಗ ಮಾಡಿದ ಲೆಕ್ಕ ‘ತೂತಿಲ್ಲದ ಪೈಪ್ ಸಾಕಾ’ ಅನ್ನುವ ಪ್ರಶ್ನೆಗೆ ಉತ್ತರ. ಈಗಿನ ಪ್ರಶ್ನೆ ಬೇರೆ. ಹಾಗಾಗಿ ಎರಡು ಸಲ ಕಳೆದ ಹಾಗೆ ಆಗುವುದಿಲ್ಲ.

ಇನ್ನು ಲೆಕ್ಕವನ್ನು ಮೊದಲಿನಿಂದ ಮಾಡೋಣ.

ಬ್ರಾಂಚ್ ಗೋಡೆ: 7.11 × 0.875 = 6.22. ತುಕ್ಕು ಕಳೆದರೆ 3.22. ಒತ್ತಡಕ್ಕೆ ಬೇಕಾದದ್ದು 4 × 168.3 ÷ 279.2 = 2.41. ಉಳಿಯುವುದು 0.81.

ತೂತಿನ ಅಗಲ ಡಿ1 = 168.3 − 2 × 3.22 = 161.9. ಇಲ್ಲಿ ಒಂದು ವಿಷಯ ಗಮನಿಸಿ. ಬ್ರಾಂಚ್ ಗೋಡೆ ತುಕ್ಕು ಹಿಡಿದು ತೆಳುವಾದರೆ ತೂತು ದೊಡ್ಡದಾಗುತ್ತದೆ. ನೀವು 154.1 ಹಿಡಿದಿದ್ದಿರಿ.

ಎ1 = 3.91 × 161.9 = 633. ಕೋನ 90 ಡಿಗ್ರಿ ಆದ್ದರಿಂದ (2 − ಸೈನ್ ಬೀಟಾ) ಅನ್ನುವ ಗುಣಕ 1; ಬೀಟಾ ಅಂದರೆ ಆ ಕೋನ.

ಎಷ್ಟು ದೂರದವರೆಗಿನ ಲೋಹ ಎಣಿಸಬಹುದು? ತೂತಿನ ನಡುವಿನಿಂದ ಆ ಕಡೆ ಈ ಕಡೆ ಡಿ2 ದೂರ. ಡಿ1, ಅಥವಾ ಎರಡೂ ಗೋಡೆಯ ಉಳಿದ ದಪ್ಪಕ್ಕೆ ಡಿ1 ರ ಅರ್ಧ ಕೂಡಿಸಿದ್ದು, ಇವೆರಡರಲ್ಲಿ ದೊಡ್ಡದು ಡಿ2. ಆದರೆ ಅದು ಹೆಡರ್ ಹೊರವ್ಯಾಸವನ್ನು ಮೀರಬಾರದು. ಇಲ್ಲಿ 161.9. ಹಾಗಾಗಿ ಎ2 = (2 × 161.9 − 161.9) × 1.20 = 194.

ಬ್ರಾಂಚ್ ಮೇಲೆ ಎಷ್ಟು ಎತ್ತರ ಎಣಿಸಬಹುದು? ಅದು ಎಲ್4. ಹೆಡರ್‌ನ ಉಳಿದ ದಪ್ಪದ ಎರಡೂವರೆ ಪಟ್ಟು ಅಂದರೆ 12.78. ಅಥವಾ ಬ್ರಾಂಚ್‌ನ ಉಳಿದ ದಪ್ಪದ ಎರಡೂವರೆ ಪಟ್ಟು ಮತ್ತು ಪ್ಯಾಡ್ ದಪ್ಪ, ಎರಡರ ಮೊತ್ತ. ಪ್ಯಾಡ್ ಇಲ್ಲದಿದ್ದರೆ ಇದು 8.05. ಇವೆರಡರಲ್ಲಿ ಚಿಕ್ಕದು ಎಲ್4, ಅಂದರೆ 8.05. ಎ3 = 2 × 8.05 × 0.81 = 13.

ವೆಲ್ಡ್: ಫಿಲೆಟ್ (ಮೂಲೆಯ ತ್ರಿಕೋನ ವೆಲ್ಡ್) ಥ್ರೋಟ್ (ಅದರ ನಡುವಿನ ದಪ್ಪ) ಬ್ರಾಂಚ್ ದಪ್ಪದ 0.7 ಪಟ್ಟು ಅಥವಾ 6 ಮಿ.ಮೀ., ಚಿಕ್ಕದು. ಅಂದರೆ 4.98. ಲೆಗ್ (ಬದಿಯ ಉದ್ದ) 7.04. ಎರಡು ಬದಿಯದೂ ಸೇರಿ ಸುಮಾರು 50 ಚ.ಮಿ.ಮೀ.

ಒಟ್ಟು 194 + 13 + 50 = 257. ಬೇಕಾದದ್ದು 633. ಅರ್ಧವೂ ಇಲ್ಲ. ನಿಮ್ಮ ಹಿರಿಯರು ಹೇಳಿದ್ದು ಸರಿ.

ಪೈಪಿಂಗ್ ಹೊಸಬ

ಅಯ್ಯೋ, 826 ಎಲ್ಲಿ, 257 ಎಲ್ಲಿ! ಈಗ ಅರ್ಥವಾಯಿತು. ಸುಮ್ನೆ ಕುತೂಹಲಕ್ಕೆ ಮಿಲ್ ಟಾಲರೆನ್ಸ್ ಮಾತ್ರ ಕಳೆದು, ತುಕ್ಕು ಬಿಟ್ಟು ನೋಡಿದೆ. ಎ1 610, ಎ2 655 ಬಂತು. ಪಾಸ್. ಅಂದರೆ ಈ ಜೋಡಣೆಯನ್ನು ಬೀಳಿಸುವುದು ತುಕ್ಕಿನ ಆ 3 ಮಿ.ಮೀ.

ಸೈಟ್ ಅಣ್ಣ

ನಾನು ಇಪ್ಪತ್ತು ವರ್ಷದಿಂದ ಎರೆಕ್ಷನ್‌ನಲ್ಲಿದ್ದೇನೆ. ಪ್ಯಾಡ್ ಇಲ್ಲದ ಎಷ್ಟೋ ಬ್ರಾಂಚ್‌ಗಳಿಗೆ ಡಿಸೈನ್ ಒತ್ತಡದ ಒಂದೂವರೆ ಪಟ್ಟು ಹೈಡ್ರೋಟೆಸ್ಟ್ (ನೀರು ತುಂಬಿ ಒತ್ತಡ ಪರೀಕ್ಷೆ) ಮಾಡಿಸಿದ್ದೇನೆ. ಒಂದೂ ಬಿಟ್ಟುಕೊಟ್ಟಿಲ್ಲ. 60 ಬಾರ್‌ಗೆ ನಿಂತದ್ದು 40 ಕ್ಕೆ ನಿಲ್ಲುವುದಿಲ್ಲವಾ? ಕಾಗದದ ಲೆಕ್ಕ ಹೆದರಿಸುವಷ್ಟು ಪೈಪ್ ಹೆದರಿಸುವುದಿಲ್ಲ.

ಸ್ಟ್ರೆಸ್ ಲೆಕ್ಕ

ಅಣ್ಣ, ನಿಮ್ಮ ಅನುಭವದ ಬಗ್ಗೆ ಗೌರವ ಇದೆ. ಆದರೆ ಈ ಮಾತನ್ನು ಹೊಸಬರು ಹಾಗೇ ಹಿಡಿದುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ.

ಹೈಡ್ರೋಟೆಸ್ಟ್ ದಿನ ಪೈಪ್ ಹೊಸದು. ತುಕ್ಕಿಗೆ ಅಂತ ಇಟ್ಟ 3 ಮಿ.ಮೀ. ಪೂರ್ತಿ ಅಲ್ಲೇ ಇರುತ್ತದೆ. ಜೊತೆಗೆ ಲೆಕ್ಕದಲ್ಲಿ ಹಿಡಿಯುವ ಸ್ಟ್ರೆಸ್ 138. ಈ ಉಕ್ಕು ಬಗ್ಗಲು ಶುರುವಾಗುವುದು 240 ರ ಹತ್ತಿರ. 138 ರ ಒಂದೂವರೆ ಪಟ್ಟು 207. ಟೆಸ್ಟ್ ಪಾಸಾಗುವುದು ಸಹಜ. ಅದು ವೆಲ್ಡ್ ಸೋರುತ್ತದೆಯೇ, ಗ್ಯಾಸ್ಕೆಟ್ ಕೂತಿದೆಯೇ ಅಂತ ಹೇಳುತ್ತದೆ. ಹತ್ತು ವರ್ಷ ಆದ ಮೇಲೆ ಏನಾಗುತ್ತದೆ ಅಂತ ಹೇಳುವುದಿಲ್ಲ.

ಇದೇ ಜೋಡಣೆಯನ್ನು ತುಕ್ಕು ಸ್ವಲ್ಪ ಸ್ವಲ್ಪ ತಿನ್ನಿಸುತ್ತಾ ಲೆಕ್ಕ ಹಾಕಿದೆ. ಪೈಪ್ ಮಿಲ್‌ನ ಕನಿಷ್ಠ ದಪ್ಪದಲ್ಲೇ ಬಂದಿದೆ ಅಂತ ಇಟ್ಟುಕೊಂಡಿದ್ದೇನೆ. ಹೊಸದಿರುವಾಗ ಬೇಕಾದದ್ದು 610, ಇರುವುದು ಎಲ್ಲಾ ಸೇರಿ 823. ಆರಾಮ. 1 ಮಿ.ಮೀ. ಹೋದ ಮೇಲೆ ಬೇಕಾದದ್ದು 617, ಇರುವುದು 628. ಅಂಚಿನಲ್ಲಿದೆ. 1.1 ಮಿ.ಮೀ. ಹೋದರೆ ಬೇಕಾದದ್ದು 618, ಇರುವುದು 609. ಮುಗಿಯಿತು.

ಈಗ ಆ ಹಂತದಲ್ಲಿ ಒಬ್ಬ ತಪಾಸಣೆಯವನು ಅಲ್ಟ್ರಾಸಾನಿಕ್ ಗೇಜ್ ಹಿಡಿದು ಹೆಡರ್ ದಪ್ಪ ನೋಡುತ್ತಾನೆ ಅಂದುಕೊಳ್ಳಿ. ಗೇಜ್ 7.0 ತೋರಿಸುತ್ತದೆ. ಒತ್ತಡಕ್ಕೆ ಬೇಕಾದದ್ದು 3.91. ‘ಇನ್ನೂ 3 ಮಿ.ಮೀ. ಬಾಕಿ ಇದೆ, ಪೈಪ್ ಚೆನ್ನಾಗಿದೆ’ ಅಂತ ರಿಪೋರ್ಟ್ ಬರೆಯುತ್ತಾನೆ. ನೇರ ಪೈಪಿನ ಮಟ್ಟಿಗೆ ಆ ಮಾತು ಸತ್ಯ. ಬ್ರಾಂಚ್ ಹತ್ತಿರ ಸುಳ್ಳು. ಅವನ ಕೈಯಲ್ಲಿರುವ ಪಟ್ಟಿಯಲ್ಲಿ ಬ್ರಾಂಚ್‌ಗೆ ಬೇರೆ ಕನಿಷ್ಠ ದಪ್ಪ ಬರೆದಿರುವುದಿಲ್ಲ. ನನಗೆ ಭಯ ಆಗುವುದು ಇಲ್ಲೇ. ಲೆಕ್ಕದ ಹಾಳೆಯಲ್ಲಿ ತಪ್ಪು ಮಾಡಿದರೆ ಮುಂದೆ ಯಾರ ಕಣ್ಣಿಗೂ ಅದು ಬೀಳುವುದಿಲ್ಲ.

ಸೈಟ್ ಅಣ್ಣ

7.0 ತೋರಿಸುವಾಗಲೇ ಮುಗಿದಿರುತ್ತದೆ ಅನ್ನುವುದನ್ನು ನಾನು ಯೋಚಿಸಿರಲಿಲ್ಲ. ಒಪ್ಪಿದೆ. ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಪೈಪಿಂಗ್ ಹೊಸಬ

ಹಾಗಿದ್ದರೆ ಪ್ಯಾಡ್ ಎಷ್ಟು ದೊಡ್ಡದು ಬೇಕು? ಒಂದು 16 ಮಿ.ಮೀ. ಪ್ಲೇಟ್ ತುಂಡು ಇದೆ ಅಂತ ಶಾಪ್‌ನಿಂದ ಹೇಳಿದರು. ದಪ್ಪ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಲ್ವಾ?

ಕೋಡ್ ಪುಸ್ತಕ

ಅಲ್ಲ. ಎಲ್4 ಎತ್ತರದ ಮೇಲಿರುವ ಲೋಹ ಲೆಕ್ಕಕ್ಕೆ ಬರುವುದಿಲ್ಲ. ಪ್ಯಾಡ್ ಹಾಕಿದ ಮೇಲೆ ಬ್ರಾಂಚ್ ಕಡೆಯ ಮಿತಿ ಮೇಲೇರುತ್ತದೆ, ನಿಜ. ಆದರೆ ಹೆಡರ್ ಕಡೆಯ ಮಿತಿ 12.78 ಹಾಗೇ ನಿಲ್ಲುತ್ತದೆ. ಚಿಕ್ಕದನ್ನೇ ಹಿಡಿಯಬೇಕು. ಹಾಗಾಗಿ 16 ರಲ್ಲಿ 12.78 ಮಾತ್ರ ಎಣಿಕೆ, ಮೇಲಿನ 3.2 ಮಿ.ಮೀ. ವ್ಯರ್ಥ. ವ್ಯರ್ಥ ಅಷ್ಟೇ ಅಲ್ಲ. ತೆಳು ಹೆಡರ್ ಮೇಲೆ ದಪ್ಪ ತುಂಡು ಕೂತರೆ ಅದರ ಅಂಚಿನಲ್ಲಿ ಬಿಗಿತ ಒಮ್ಮೆಲೇ ಬದಲಾಗುತ್ತದೆ. ದೊಡ್ಡ ಫಿಲೆಟ್ ಬೇಕಾಗುತ್ತದೆ, ಹೆಡರ್ ಎಳೆದುಕೊಂಡು ಬಾಗುತ್ತದೆ. ಪ್ಯಾಡ್ ದಪ್ಪ ಹೆಡರ್ ದಪ್ಪದ ಹತ್ತಿರ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಅಗಲಕ್ಕೂ ಮಿತಿ ಇದೆ. ಹೆಡರ್ ಉದ್ದಕ್ಕೆ 2 × 161.9, ಅಂದರೆ 323.7 ರ ಒಳಗಿನದು ಮಾತ್ರ ಎಣಿಕೆ. 400 ಮಿ.ಮೀ. ಪ್ಯಾಡ್ ಹಾಕಿದರೆ ಎರಡೂ ಬದಿಯಲ್ಲಿ 38 ಮಿ.ಮೀ. ಸುಮ್ಮನೆ ಹೊರಗೆ ಉಳಿಯುತ್ತದೆ.

ಹೆಡರ್ ಪೈಪಿನಿಂದಲೇ ಕತ್ತರಿಸಿದ ಪ್ಯಾಡ್ ಅಂತ ಹಿಡಿಯೋಣ. ಪೈಪಿನಿಂದ ಮಾಡಿದರೆ ಕನಿಷ್ಠ ದಪ್ಪ 8.11 ಹಿಡಿಯಬೇಕು. ಪ್ಲೇಟಿನಿಂದ ಮಾಡಿದರೆ ಆರ್ಡರ್ ದಪ್ಪವನ್ನೇ ಹಿಡಿಯಬಹುದು. ಪ್ಯಾಡ್‌ಗೆ ಒಳಗಿನ ದ್ರವ ತಾಗುವುದಿಲ್ಲ, ಹಾಗಾಗಿ ಒಳತುಕ್ಕು ಅಂತ ಅದರಿಂದ ಕಳೆಯುವುದಿಲ್ಲ. ಎಲ್4 ಈಗ 12.78 ಆಯಿತು, ಎ3 ಸ್ವಲ್ಪ ಏರಿ 21. ಬೇಕಾಗಿ ಉಳಿದದ್ದು 633 − 194 − 21 = 418. ಪ್ಯಾಡ್ ಹೊರವ್ಯಾಸ 230 ಇಟ್ಟರೆ (230 − 168.3) × 8.11 = 500. ಸಾಕು. ವೆಲ್ಡ್ ಎಣಿಸುವ ಅಗತ್ಯವೂ ಇಲ್ಲ.

ಇನ್ನೊಂದು. ಪ್ಯಾಡ್‌ನ ಅನುಮತಿಸಿದ ಸ್ಟ್ರೆಸ್ ಹೆಡರ್‌ಗಿಂತ ಕಡಿಮೆ ಇದ್ದರೆ ಅದೇ ಅನುಪಾತದಲ್ಲಿ ಏರಿಯಾ ಇಳಿಸಬೇಕು. ಹೆಡರ್ 138, ಪ್ಯಾಡ್ 115 ಆದರೆ ಪ್ಯಾಡ್ ಏರಿಯಾದ ಶೇಕಡಾ 83 ಮಾತ್ರ. ಪ್ಯಾಡ್ ಹೆಚ್ಚು ಗಟ್ಟಿಯದಾದರೆ ಲಾಭ ಏನೂ ಸಿಗುವುದಿಲ್ಲ.

ಶಾಪ್ ಫ್ಲೋರ್

ಫ್ಯಾಬ್ರಿಕೇಶನ್ ಕಡೆಯಿಂದ ಎರಡು ಮಾತು.

ಅದೇ ಸೈಜಿನ ಪೈಪಿನಿಂದ ಪ್ಯಾಡ್ ಕತ್ತರಿಸಿದರೆ ಅದು ಹೆಡರ್ ಮೇಲೆ ನೇರವಾಗಿ ಕೂರುವುದಿಲ್ಲ. ಪ್ಯಾಡ್‌ನ ಒಳಬದಿಯ ರೇಡಿಯಸ್ 127, ಹೆಡರ್ ಹೊರಬದಿಯದು 136.5. ಸ್ವಲ್ಪ ಅಗಲಿಸಿ ಕೂರಿಸಬೇಕು. ಹಾಗೇ ಇಟ್ಟು ವೆಲ್ಡ್ ಎಳೆದರೆ ನೆತ್ತಿಯಲ್ಲಿ ಬೆಳಕು ಕಾಣುವಷ್ಟು ಸಂದು ಉಳಿಯುತ್ತದೆ. ಆ ಸಂದನ್ನು ವೆಲ್ಡ್ ತುಂಬಿ ಮುಚ್ಚುವ ಹುಡುಗರನ್ನು ನೋಡಿದ್ದೇನೆ. ದಯವಿಟ್ಟು ಬಿಡಬೇಡಿ. ಡ್ರಾಯಿಂಗಿನಲ್ಲಿ ‘ಹೆಡರ್‌ಗೆ ಸರಿಯಾಗಿ ಕೂರುವಂತೆ ಬಾಗಿಸಿ’ ಅಂತ ಒಂದು ಸಾಲು ಬರೆದರೆ ನಮಗೆ ಜಗಳ ಕಡಿಮೆ.

ಎರಡನೆಯದು ಇಆರ್‌ಡಬ್ಲ್ಯು (ಉದ್ದಕ್ಕೆ ವೆಲ್ಡ್ ಸೀಮ್ ಇರುವ) ಪೈಪ್ ಇದ್ದವರಿಗೆ. ನಿಮ್ಮದು ಸೀಮ್‌ಲೆಸ್, ಚಿಂತೆ ಇಲ್ಲ. ಉದ್ದ ಸೀಮ್ ಇರುವ ಪೈಪಿನಲ್ಲಿ ಜಾಯಿಂಟ್ ಫ್ಯಾಕ್ಟರ್ (ಸೀಮ್‌ಗಾಗಿ ಸ್ಟ್ರೆಸ್ ಇಳಿಸುವ ಗುಣಕ) 0.85 ಬರುತ್ತದೆ. ಬ್ರಾಂಚ್ ಆ ಸೀಮನ್ನು ಕತ್ತರಿಸದಿದ್ದರೆ, ಈ ರೀಇನ್‌ಫೋರ್ಸ್‌ಮೆಂಟ್ ಲೆಕ್ಕದ ಮಟ್ಟಿಗೆ ಮಾತ್ರ ಹೆಡರ್‌ಗೆ 0.85 ಬಿಟ್ಟು ಪೂರ್ತಿ ಸ್ಟ್ರೆಸ್ ಹಿಡಿಯಲು ಕೋಡ್ ಬಿಡುತ್ತದೆ. ಪೈಪನ್ನು ಒಂದಿಷ್ಟು ತಿರುಗಿಸಿ ಸೀಮ್ ಪಕ್ಕಕ್ಕೆ ಬರುವಂತೆ ಗುರುತು ಹಾಕುವುದು ನಮಗೆ ಐದು ನಿಮಿಷದ ಕೆಲಸ.

ಕೋಡ್ ಪುಸ್ತಕ

ಇದು ಬೆಲೆಬಾಳುವ ಮಾತು. ಇದೇ ಉದಾಹರಣೆಯಲ್ಲಿ ಹೆಡರ್‌ಗೆ 0.85 ಹಿಡಿದರೆ ಬೇಕಾದ ದಪ್ಪ 4.59 ಆಗುತ್ತದೆ. ಎ1 633 ರಿಂದ 743 ಕ್ಕೆ ಏರುತ್ತದೆ, ಎ2 194 ರಿಂದ 84 ಕ್ಕೆ ಇಳಿಯುತ್ತದೆ. ಎರಡು ಕಡೆಯಿಂದಲೂ ಪೆಟ್ಟು. ಬ್ರಾಂಚ್ ಪೈಪಿನ ದಪ್ಪಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ, ಅದು ಸೀಮ್ ಪೈಪ್ ಆದರೆ ಅದರ ಫ್ಯಾಕ್ಟರ್ ಹಿಡಿಯಲೇಬೇಕು.

ವೆಲ್ಡ್ ತಪಾಸಣೆ

ಪ್ಯಾಡ್ ಅಂದ ಕೂಡಲೇ ನನಗೆ ನೆನಪಾಗುವುದು ಒಂದು ಹನಿ ನೀರು.

ಕೆಲವು ವರ್ಷಗಳ ಹಿಂದೆ ಒಂದು ಕೆಲಸದಲ್ಲಿ ಹೈಡ್ರೋಟೆಸ್ಟ್ ನಡೆದಿತ್ತು. ಒತ್ತಡ ಏರಿಸಿ ನಿಲ್ಲಿಸಿದ್ದೆವು. ಗೇಜ್ ಅಲುಗಾಡಲಿಲ್ಲ. ಎಲ್ಲರೂ ಸಹಿ ಹಾಕಲು ತಯಾರು. ನಾನು ಟಾರ್ಚ್ ಹಿಡಿದು ಒಂದೊಂದೇ ಪ್ಯಾಡ್ ನೋಡುತ್ತಾ ಹೋದೆ. ಒಂದು ಪ್ಯಾಡ್‌ನ ವೆಂಟ್ ತೂತಿನ (ಪ್ಯಾಡ್‌ನಲ್ಲಿ ಕೊರೆದಿಡುವ ಸಣ್ಣ ತೂತು) ಬಾಯಲ್ಲಿ ಬೆವರಿನ ಹಾಗೆ ಹನಿ ನಿಂತಿತ್ತು. ಬಟ್ಟೆಯಿಂದ ಒರೆಸಿದೆ. ಎರಡು ನಿಮಿಷ ಬಿಟ್ಟು ಮತ್ತೆ ಮೂಡಿತು. ಮಳೆ ನೀರಿರಬೇಕು ಅಂದರು ಪಕ್ಕದವರು. ಮೂರನೇ ಸಲ ಒರೆಸಿದ ಮೇಲೂ ಮೂಡಿದಾಗ ಒತ್ತಡ ಇಳಿಸಲು ಹೇಳಿದೆ.

ಪ್ಯಾಡ್ ಬಿಚ್ಚಿಸಿದೆವು. ಒಳಗೆ ಬ್ರಾಂಚ್ ಮತ್ತು ಹೆಡರ್ ನಡುವಿನ ವೆಲ್ಡ್‌ನಲ್ಲಿ ಬೆರಳಗಲದ ಜಾಗ ರೂಟ್ (ವೆಲ್ಡಿನ ತಳ) ತನಕ ಕೂಡಿರಲೇ ಇಲ್ಲ. ಆ ವೆಲ್ಡನ್ನು ಯಾರೂ ಪರೀಕ್ಷಿಸದೆ ಮೇಲೆ ಪ್ಯಾಡ್ ಮುಚ್ಚಿದ್ದರು. ಪಕ್ಕದಲ್ಲೇ ಎರಡು ತುಂಡಿನ ಇನ್ನೊಂದು ಪ್ಯಾಡ್ ಇತ್ತು. ಅದರ ಒಂದು ತುಂಡಿಗೆ ಮಾತ್ರ ತೂತು. ತೂತಿಲ್ಲದ ಅರ್ಧದ ಕೆಳಗೆ ಹೀಗೇ ಆಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಕೋಡ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಒತ್ತಡ ಹೊರುವ ವೆಲ್ಡಿನ ಪರೀಕ್ಷೆ, ರಿಪೇರಿ ಎಲ್ಲಾ ಮುಗಿದ ಮೇಲೆ ಪ್ಯಾಡ್ ಹಾಕಬೇಕು. ಪ್ರತಿ ತುಂಡಿಗೂ ಒಂದು ವೆಂಟ್ ತೂತು ಬೇಕು. ವೆಲ್ಡ್ ಮಾಡುವಾಗ ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರುವುದೂ ಅದೇ ತೂತಿನಿಂದ. ನಾವು ಹೈಡ್ರೋಟೆಸ್ಟ್‌ಗೆ ಮೊದಲು ಆ ತೂತಿನಿಂದ ಕಡಿಮೆ ಒತ್ತಡದ ಗಾಳಿ ಕೊಟ್ಟು ಸೋಪು ನೀರು ಹಚ್ಚಿ ಪ್ಯಾಡ್ ವೆಲ್ಡ್ ನೋಡುತ್ತೇವೆ. ಟೆಸ್ಟ್ ಹೊತ್ತಿನಲ್ಲಿ ತೂತು ತೆರೆದಿರಬೇಕು. ಆಮೇಲೆ ಮಳೆ ನೀರು ಇಳಿಯದಂತೆ ಗ್ರೀಸ್ ತುಂಬಿ. ವೆಲ್ಡ್ ಮಾಡಿ ಮುಚ್ಚಬೇಡಿ. ಆ ತೂತು ಮುಂದೆಯೂ ಸುಳಿವು ಕೊಡಬೇಕು.

ಪೈಪಿಂಗ್ ಹೊಸಬ

ಇದನ್ನು ಓದಿ ಮೈ ಜುಂ ಅಂದಿತು. ನನ್ನ ಡ್ರಾಯಿಂಗಿನಲ್ಲಿ ವೆಂಟ್ ತೂತಿನ ಗುರುತೇ ಇಲ್ಲ. ಸೇರಿಸುತ್ತೇನೆ.

ಇನ್ನೊಂದು ಸಂದೇಹ. ಮುಂದಿನ ಲೈನಿನಲ್ಲಿ ಇದೇ ಸೈಜಿನ ಬ್ರಾಂಚ್ 45 ಡಿಗ್ರಿಯಲ್ಲಿ ಬರುತ್ತದೆ. ಅದೇ ಪ್ಯಾಡ್ ಸಾಕಾ?

ಕೋಡ್ ಪುಸ್ತಕ

ಖಂಡಿತ ಸಾಲುವುದಿಲ್ಲ. ಓರೆಯಾದರೆ ತೂತು ಮೊಟ್ಟೆಯ ಆಕಾರಕ್ಕೆ ಎಳೆಯುತ್ತದೆ. ಡಿ1 = 161.9 ÷ 0.707 = 228.9. ಜೊತೆಗೆ (2 − ಸೈನ್ ಬೀಟಾ) 1.293 ಆಗುತ್ತದೆ. ಎ1 = 3.91 × 228.9 × 1.293, ಸುಮಾರು 1157. ನೇರ ಬ್ರಾಂಚ್‌ನ 1.8 ಪಟ್ಟು. 45 ಡಿಗ್ರಿಗಿಂತ ಕಡಿಮೆ ಕೋನಕ್ಕೆ ಈ ವಿಧಾನ ಅನ್ವಯಿಸುವುದೇ ಇಲ್ಲ.

ಓದುಗ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಎರಡು ಬ್ರಾಂಚ್ ಹತ್ತಿರ ಹತ್ತಿರ ಇದ್ದರೆ ನಡುವಿನ ಲೋಹವನ್ನು ಎರಡಕ್ಕೂ ಎಣಿಸಬಹುದಾ?

ಕೋಡ್ ಪುಸ್ತಕ

ಒಂದೇ ಲೋಹವನ್ನು ಎರಡು ಸಲ ಎಣಿಸುವಂತಿಲ್ಲ. ಎರಡರ ವಲಯ ಒಂದರ ಮೇಲೊಂದು ಬಂದರೆ ಸೆಂಟರ್‌ಗಳ ನಡುವೆ ಸರಾಸರಿ ವ್ಯಾಸದ ಒಂದೂವರೆ ಪಟ್ಟಾದರೂ ಇರಲಿ. ಎರಡಕ್ಕೂ ಬೇಕಾದ ಒಟ್ಟು ಏರಿಯಾದಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಆ ನಡುವಿನ ಜಾಗದಲ್ಲೇ ಇರಬೇಕು.

ಸ್ಟ್ರೆಸ್ ಲೆಕ್ಕ

ಒಂದು ದೊಡ್ಡ ವಿಷಯ ಇನ್ನೂ ಬಂದಿಲ್ಲ. ಇಲ್ಲಿಯವರೆಗೆ ಮಾಡಿದ್ದೆಲ್ಲಾ ಒಳಗಿನ ಒತ್ತಡಕ್ಕೆ ಮಾತ್ರ. ಬ್ರಾಂಚ್ ಪೈಪ್ ಬಿಸಿಯಾಗಿ ಹಿಗ್ಗಿ ಹೆಡರನ್ನು ತಳ್ಳುತ್ತದೆ, ವಾಲ್ವ್ ಭಾರ ಎಳೆಯುತ್ತದೆ, ಪಂಪ್ ಅಲುಗಿಸುತ್ತದೆ. ಏರಿಯಾ ಲೆಕ್ಕಕ್ಕೆ ಇದ್ಯಾವುದೂ ಗೊತ್ತಿಲ್ಲ. ಏರಿಯಾದಲ್ಲಿ ಪಾಸಾದ ಬ್ರಾಂಚ್ ಸ್ಟ್ರೆಸ್ ಅನಾಲಿಸಿಸ್‌ನಲ್ಲಿ ಬಿದ್ದದ್ದನ್ನು ನಾನು ವಾರಕ್ಕೊಮ್ಮೆ ನೋಡುತ್ತೇನೆ.

ಎಷ್ಟು ವ್ಯತ್ಯಾಸ ಅಂತ ತಿಳಿಯಲು ಬಿ31.3 ರ ಹಳೆಯ ಅನುಬಂಧ ಡಿ ಯ ಸೂತ್ರದಿಂದ ಇದೇ ಹೆಡರ್‌ಗೆ ಸ್ಟ್ರೆಸ್ ಇಂಟೆನ್ಸಿಫಿಕೇಶನ್ ಫ್ಯಾಕ್ಟರ್ (ಜೋಡಣೆಯಲ್ಲಿ ಸ್ಟ್ರೆಸ್ ಎಷ್ಟು ಪಟ್ಟು ಏರುತ್ತದೆ ಅನ್ನುವ ಅಂಕಿ) ತೆಗೆದೆ. ಪ್ಯಾಡ್ ಇಲ್ಲದ ಬ್ರಾಂಚ್‌ಗೆ 5.3. ಹೆಡರ್ ದಪ್ಪದಷ್ಟೇ ದಪ್ಪದ ಪ್ಯಾಡ್ ಹಾಕಿದರೆ 2.7. ಬಿ16.9 ಸ್ಟ್ಯಾಂಡರ್ಡಿನ ವೆಲ್ಡಿಂಗ್ ಟೀ (ಮೂರು ಬಾಯಿಯ ಸಿದ್ಧ ತುಂಡು) ಹಾಕಿದರೆ 2.5. ಪ್ಯಾಡ್ ಹಾಕಿದೊಡನೆ ಸ್ಟ್ರೆಸ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. 2020 ರ ಆವೃತ್ತಿಯಿಂದ ಆ ಅನುಬಂಧ ತೆಗೆದು ಬಿ31ಜೆ (ಈ ಫ್ಯಾಕ್ಟರ್‌ಗಳದೇ ಬೇರೆ ಸ್ಟ್ಯಾಂಡರ್ಡ್) ಬಳಸಲು ಹೇಳಿದ್ದಾರೆ. ಅದರಲ್ಲಿ ಬ್ರಾಂಚ್ ಮತ್ತು ಹೆಡರ್ ಅಳತೆಗಳೆರಡೂ ಲೆಕ್ಕಕ್ಕೆ ಬರುತ್ತವೆ, ಸಂಖ್ಯೆ ಬದಲಾಗುತ್ತದೆ. ಹಾಗಾಗಿ ನಿಮ್ಮ ಕೆಲಸಕ್ಕೆ ಬಿ31ಜೆ ಯಲ್ಲೇ ಮಾಡಿ. ನಾನು ಕೊಟ್ಟದ್ದು ಅಂದಾಜು ಸಿಗಲಿ ಅಂತ.

ನನ್ನನ್ನು ಕೇಳಿದರೆ, ಹೆಚ್ಚು ಉಷ್ಣತೆ ಇರುವ ಅಥವಾ ದಿನಕ್ಕೆ ಹತ್ತಾರು ಸಲ ಬಿಸಿಯಾಗಿ ತಣ್ಣಗಾಗುವ ಲೈನಿನಲ್ಲಿ ಪ್ಯಾಡ್ ಬೇಡ. ಹೆಡರ್ ಬಿಸಿಯಾದಷ್ಟು ಬೇಗ ಪ್ಯಾಡ್ ಬಿಸಿಯಾಗುವುದಿಲ್ಲ, ನಡುವೆ ಸಂದು ಇರುತ್ತದೆ. ಆ ಎಳೆದಾಟ ಎಲ್ಲಾ ಅಂಚಿನ ಫಿಲೆಟ್ ಮೇಲೆ ಬೀಳುತ್ತದೆ. ಅಲ್ಲಿ ಟೀ ಹಾಕಿ, ಅಥವಾ ಎಂಎಸ್‌ಎಸ್ ಎಸ್‌ಪಿ-97 ಸ್ಟ್ಯಾಂಡರ್ಡಿನ ಒಲೆಟ್ (ಹೆಡರ್ ಮೇಲೆ ಕೂರಿಸುವ, ಬಲ ತನ್ನಲ್ಲೇ ಇರುವ ದಪ್ಪ ತುಂಡು) ಹಾಕಿ. ಬಿ16.9 ಟೀಗೆ ಈ ಏರಿಯಾ ಲೆಕ್ಕವೇ ಬೇಡ. ಜೊತೆಗೂಡುವ ಪೈಪಿನಷ್ಟು ಬರ್ಸ್ಟ್ ಬಲ ಅದಕ್ಕೆ ಇರಲೇಬೇಕು ಅಂತ ಆ ಸ್ಟ್ಯಾಂಡರ್ಡೇ ಹೇಳುತ್ತದೆ. 120 ಡಿಗ್ರಿಯಲ್ಲಿ ಸುಮ್ಮನೆ ಓಡುವ ನಿಮ್ಮ ಲೈನಿಗೆ ಪ್ಯಾಡ್ ಸರಿ.

ಸೈಟ್ ಅಣ್ಣ

ಒಲೆಟ್ ಹಾಕುವವರಿಗೆ ಒಂದು ಮಾತು. ಒಲೆಟ್ ಸುತ್ತ ಬೆವೆಲ್ (ಓರೆಯಾಗಿ ಕತ್ತರಿಸಿದ ಅಂಚು) ತುಂಬುವಷ್ಟು ವೆಲ್ಡ್ ಹಾಕಬೇಕು. ಅರ್ಧ ತುಂಬಿ ‘ಸಾಕು’ ಅಂದರೆ ಅದು ಕೊಡುವ ಬಲವೂ ಅರ್ಧವೇ. ಇದನ್ನು ಎಷ್ಟು ಸಲ ಗ್ರೈಂಡ್ ಮಾಡಿಸಿ ಮತ್ತೆ ಹಾಕಿಸಿದ್ದೇನೋ.

ಪೈಪಿಂಗ್ ಹೊಸಬ

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಹಾಳೆಯನ್ನು ಮತ್ತೆ ಬರೆದೆ. ಎ1 633. ಎ2 194, ಎ3 21. ಪ್ಯಾಡ್ ಹೆಡರ್ ಪೈಪಿನದೇ, ಹೊರವ್ಯಾಸ 250 ಇಟ್ಟೆ. (250 − 168.3) × 8.11 = 663. ಒಟ್ಟು 878, ವೆಲ್ಡ್ ಎಣಿಸದೆ. 230 ಸಾಕಿತ್ತು, ಆದರೆ ಬ್ರಾಂಚ್ ಸುತ್ತ 30 ಮಿ.ಮೀ. ಮಾತ್ರ ಉಳಿದರೆ ಎರಡು ಫಿಲೆಟ್ ತೀರ ಹತ್ತಿರ ಬರುತ್ತವೆ ಅಂತ ಶಾಪ್‌ನವರು ಹೇಳಿದರು. ಹೊರ ಅಂಚಿನ ಫಿಲೆಟ್ ಥ್ರೋಟ್ ಪ್ಯಾಡ್ ದಪ್ಪದ ಅರ್ಧ, 4.6. ‘ಬಾಗಿಸಿ ಕೂರಿಸಿ’ ಅನ್ನುವ ಸಾಲು ಬರೆದೆ. ಸ್ಟ್ರೆಸ್ ಅನಾಲಿಸಿಸ್‌ಗೆ ಪ್ಯಾಡ್ ದಪ್ಪ ಕಳಿಸಿಕೊಟ್ಟೆ. ತಪಾಸಣೆಯವರ ಪಟ್ಟಿಯಲ್ಲಿ ಈ ಬ್ರಾಂಚ್‌ಗೆ ಬೇರೆ ಕನಿಷ್ಠ ದಪ್ಪ ಬರೆಯಲು ಜಾಗ ಇದೆಯಾ ಅಂತ ಕೇಳಿದೆ. ಇಲ್ಲವಂತೆ, ಸೇರಿಸೋಣ ಅಂದರು.

ವೆಂಟ್ ತೂತನ್ನು ಹೆಡರ್ ಉದ್ದದ ಗೆರೆಯ ಮೇಲೆ, ಬ್ರಾಂಚ್ ಮುಂದೆ ತೋರಿಸಿದ್ದೇನೆ. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ಅಂತ.

ವೆಲ್ಡ್ ತಪಾಸಣೆ

ಅಲ್ಲಿ ಬೇಡ. ಬ್ರಾಂಚ್ ಮತ್ತು ಹೆಡರ್ ಕೂಡುವ ಆ ಮೂಲೆಯೇ ಕ್ರಾಚ್. ಇಷ್ಟು ಹೊತ್ತು ಎಣಿಸಿದ ಏರಿಯಾ ಎಲ್ಲಾ ಆ ಗೆರೆಯ ಮೇಲೆಯೇ ಇರುವುದು. ಅಲ್ಲಿ ಕೊರೆದರೆ ಎಣಿಸಿದ ಲೋಹವನ್ನೇ ತೆಗೆದ ಹಾಗೆ. 90 ಡಿಗ್ರಿ ತಿರುಗಿಸಿ, ಹೆಡರ್‌ನ ಪಕ್ಕಕ್ಕೆ ತನ್ನಿ.

ಪೈಪಿಂಗ್ ಹೊಸಬ

ಸರಿ ಮೇಡಂ, ಪಕ್ಕಕ್ಕೆ ತಂದೆ. ಹಾಳೆ ಪರಿಶೀಲನೆಗೆ ಹೋಯಿತು.